ಅತ್ತೆಯ ರೆಕಾರ್ಡಿನ ಎಡಪುಟ

ನನ್ನ ಸೋದರತ್ತೆಯ ಎದುರು ಯಾರಾದರೂ "ನನಗೆ ಚೆನ್ನಾಗಿ ಜ್ಞಾಪಕ ಇದೆ" ಅಂದರೆ ಮುಗಿಯಿತು, ಆ ಕ್ಷಣದಿಂದ ಅವರು ಆರೋಪಿ! ಈಗ ಅತ್ತೆ ಇಲ್ಲ. ಆ ಧೈರ್ಯದಲ್ಲೇ ಇದನ್ನು ಬರೆಯುತ್ತಿದ್ದೇನೆ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ತ್ಯಾಗರಾಜನಗರದ ಮನೆಯಲ್ಲಿ ಮಾವ ಸೊಪ್ಪು ಬಿಡಿಸುತ್ತ ಕೂತರೆ ಇವರು ಪಕ್ಕದಲ್ಲೇ ಮಿದುಳಿನ ಬಗ್ಗೆ ದಪ್ಪ ಪುಸ್ತಕ ಹಿಡಿದು ಕೂರುತ್ತಿದ್ದರು. ಹಾಗೆ ಒಂದು ವಿಚಾರ ತಲೆ ಹೊಕ್ಕಿತು. ನೆನಪು ಪೆಟ್ಟಿಗೆಯಲ್ಲಿಟ್ಟ ಫೋಟೋ ಅಲ್ಲ, ಬೇಕಾದಾಗಲೆಲ್ಲ ಮಿದುಳು ಅದನ್ನು ಹೊಸದಾಗಿ ಮಾಡುತ್ತದೆ, ಮಾಡಿದಾಗಲೆಲ್ಲ ಸ್ವಲ್ಪ ಬದಲಾಗುತ್ತದೆ.

"ಸಾರಿನ ಥರ ಕಣೋ. ಅದೇ ಕೈ, ಅದೇ ಪುಡಿ. ದಿನಾ ಒಂದೇ ರುಚಿ ಬರುತ್ತಾ?" ಎಂದು ನನಗೆ ವಿವರಿಸಿದರು.

ಮಾವ ಸೊಪ್ಪಿನಿಂದ ತಲೆಯೆತ್ತದೆ, "ನಿನ್ ಸಾರು ಬರುತ್ತೆ" ಎಂದರು. ಹೊಗಳಿಕೆಯೋ ದೂರೋ, ಬಿಡಿಸಿ ಹೇಳಲಿಲ್ಲ.

ಬೇರೆಯವರಾಗಿದ್ದರೆ ಓದಿ ಸುಮ್ಮನಾಗುತ್ತಿದ್ದರು. ಅತ್ತೆ ಪ್ರಯೋಗಕ್ಕಿಳಿದರು! ಶಾಲೆಯ ಮಕ್ಕಳು ಪ್ರಾಕ್ಟಿಕಲ್ಸಿಗೆ ಒಯ್ಯುತ್ತಾರಲ್ಲ, ಬಲಪುಟದಲ್ಲಿ ಗೆರೆ, ಎಡಪುಟ ಖಾಲಿ ಇರುವ ರೆಕಾರ್ಡ್ ಪುಸ್ತಕ, ಅಂಥದೊಂದು ತಂದರು. ಒಂದು ಘಟನೆ ಕಂಡವರ ಹೇಳಿಕೆ ಬಲಕ್ಕೆ. ವರ್ಷ ಬಿಟ್ಟು ಅದೇ ಮನುಷ್ಯನನ್ನು ಹಿಡಿದು ಅದೇ ಪ್ರಶ್ನೆ ಕೇಳಿ, ಎರಡನೆಯ ಹೇಳಿಕೆ ಎಡಕ್ಕೆ. ಮದುವೆಮನೆಗಳಲ್ಲಿ ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡವರನ್ನು ಒಬ್ಬೊಬ್ಬರನ್ನಾಗಿ ಸೂಟ್‌ಕೇಸು ಇಟ್ಟ ಕೋಣೆಗೆ ಕರೆದು ವಿಚಾರಿಸುತ್ತಿದ್ದರು. ಒಬ್ಬರ ನೆನಪು ಇನ್ನೊಬ್ಬರಿಗೆ ಅಂಟಬಾರದಲ್ಲ!

ನನ್ನ ತಂಗಿಯ ಮದುವೆಯಲ್ಲಿ ಪಾಯಸದ ಕೊಳಗ ಉರುಳಿತ್ತು. ಜೆ.ಪಿ. ನಗರದ ಛತ್ರದಲ್ಲಿ ಎಂದುಕೊಂಡಿದ್ದೇನೆ. ಮೂವರ ಪ್ರಕಾರ ಬೀಳಿಸಿದ್ದು ನಮ್ಮ ದೊಡ್ಡಪ್ಪ, ದೊಡ್ಡಪ್ಪನ ಪ್ರಕಾರ ಬೀಗರು. ನಾನಂತೂ ಎದುರಿಗೇ ನಿಂತಿದ್ದೆನೆಂದು ಕೈಕಾಲು ಆಡಿಸಿ ವರ್ಣಿಸಿದೆ. ಅತ್ತೆ ಮದುವೆಯ ವಿಡಿಯೊ ಹಾಕಿ ತೋರಿಸಿದರು. ಕೊಳಗ ಉರುಳುವಾಗ ನಾನು ವೇದಿಕೆಯ ಮೇಲೆ ಹಲ್ಲು ಕಿರಿಯುತ್ತ ಫೋಟೋಗೆ ನಿಂತಿದ್ದೆ! ಆದರೂ ಪಾಯಸ ಹರಿದು ಬಂದು ಒಂದು ಗೋಡಂಬಿ ನನ್ನ ಕಾಲ್ಬೆರಳಿಗೆ ತಾಗಿದ್ದು ಇವತ್ತಿಗೂ ನನಗೆ ಕಾಣುತ್ತದೆ. ಏನು ಮಾಡಲಿ?

ಇಷ್ಟೆಲ್ಲ ವಿಚಾರಣೆ ನಡೆಸಿ ಅತ್ತೆ ಕಂಡುಕೊಂಡ ನಿಯಮ ಒಂದೇ. "ನಿಜವಾಗ್ಲೂ ಕಂಡೋನು ಎರಡನೇ ಸಲ ಹೇಳುವಾಗ ಎಲ್ಲಾದ್ರೂ ತಪ್ತಾನೆ. ಒಂದಕ್ಷರ ಬಿಡದೆ ಹಾಗೇ ಒಪ್ಪಿಸ್ದ ಅಂದ್ರೆ ಉರು ಹೊಡ್ಕೊಂಡ್ ಬಂದಿದಾನೆ ಅಂತ."

ಆಮೇಲೆ ಮಾವನಿಗೆ ಕಾಯಿಲೆಯಾಯಿತು. ಜಯನಗರದ ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಹನ್ನೆರಡೂ ಇರಬಹುದು. ಪಕ್ಕ ಬಿಟ್ಟು ಏಳದ ಅತ್ತೆಯನ್ನು ಕೊನೆಯ ಬೆಳಿಗ್ಗೆ ನಾನೇ ಬಲವಂತ ಮಾಡಿ ಕೆಳಗೆ ಕಾಫಿಗೆ ಕಳಿಸಿದೆ. ಅವರು ಮೇಲೆ ಬರುವಷ್ಟರಲ್ಲಿ ಮಾವ ಇರಲಿಲ್ಲ. ಅವತ್ತಿನಿಂದ ಅತ್ತೆ ಕಾಫಿ ಮುಟ್ಟಲಿಲ್ಲ.

ವೈಕುಂಠ ಸಮಾರಾಧನೆಯ ದಿನ ನೆಂಟರೆಲ್ಲ ಕೂತು ಮಾವನ ಕತೆಗಳನ್ನು ಹೇಳತೊಡಗಿದರು. ಅತ್ತೆ ಎದ್ದು ನನ್ನನ್ನು ಕೋಣೆಗೆ ಕರೆದರು. ಮಂಚದ ಮೇಲೆ ರೆಕಾರ್ಡ್ ತೆರೆದಿತ್ತು.

"ಅವತ್ತು ಬೆಳಿಗ್ಗೆ ಏನಾದ್ರೂ ಅಂದ್ರಾ?"

ಮಾವ ಏನೂ ಅಂದಿರಲಿಲ್ಲ. ಗೋಡೆಯ ಕಡೆ ತಿರುಗಿದ್ದರು, ಅಷ್ಟೇ.

"'ಅವ್ಳು ಕಾಫಿ ಕುಡಿದ್ಲಾ' ಅಂತ ಕೇಳಿದ್ರು, ಅತ್ತೆ. ಕುಡೀತಿದಾರೆ ಅಂದೆ. ಕಣ್ಣು ಮುಚ್ಕೊಂಡ್ರು."

ಅತ್ತೆ ಬಲಪುಟದಲ್ಲಿ ಬರೆದುಕೊಂಡರು. ಕಾಫಿ ಮಾತ್ರ ಮುಟ್ಟಲಿಲ್ಲ. ಇನ್ನೂ ಅರ್ಧ ಪ್ರಯೋಗ ಬಾಕಿ ಇತ್ತಲ್ಲ.

ಒಂದು ವರ್ಷ ಆ ಮಾತನ್ನು ಕಾಪಾಡಿಕೊಂಡೆ. ಸ್ನಾನ ಮಾಡುವಾಗ, ಬನಶಂಕರಿಯ ಸಿಗ್ನಲ್ಲಿನಲ್ಲಿ ನಿಂತಾಗ, ಗುಣಗುಣಿಸಿ ಗಟ್ಟಿ ಮಾಡಿಕೊಂಡೆ. ತಪ್ಪಿದರೆ ಸಿಕ್ಕಿಬೀಳುತ್ತೇನೆಂಬ ಗಾಬರಿಯಲ್ಲಿ ಅತ್ತೆಯ ನಿಯಮವೇ ಮರೆತುಹೋಗಿತ್ತು ನೋಡಿ! ವರ್ಷದ ತಿಥಿಯ ಮಧ್ಯಾಹ್ನ ಅತ್ತೆ ಕರೆದು ಕೇಳಿದರು. ಒಂದಕ್ಷರ ಬಿಡದೆ ಒಪ್ಪಿಸಿದೆ. ಮುಗಿಸಿದ ಮೇಲೆ ಹೊಳೆಯಿತು.

ಅತ್ತೆ ಬಲಪುಟದ ಮೇಲೆ ಬೆರಳಾಡಿಸಿ ಓದಿದರು. ನನ್ನ ಮುಖ ನೋಡಿದರು. ತುಂಬ ಹೊತ್ತು ನೋಡಿದರು.

"ಹೋದ ವರ್ಷ, ಎರಡು ಸಲ ಕೇಳಿದ್ರು ಅಂದಿದ್ದೆ" ಎಂದರು. "ಈಗ ಒಂದೇ ಸಲ ಅಂತಿದೀಯ."

ನಾನು ಹಾಗೆ ಅಂದಿರಲಿಲ್ಲ. ಪುಟದಲ್ಲೂ ಹಾಗೆ ಇರಲಿಲ್ಲ, ಎದುರು ಕೂತವನಿಗೆ ತಲೆಕೆಳಗಾಗಿ ಕಾಣುತ್ತಲೇ ಇತ್ತು.

"ಹೌದೇನೋ ಅತ್ತೆ."

"ಸ್ವಲ್ಪ ಬದಲಾಗಿದೆ. ಆಗ್ಬೇಕಾದ್ದೇ" ಎಂದು ಎಡಪುಟದಲ್ಲಿ ಬರೆದು, ಪುಸ್ತಕ ಮುಚ್ಚಿ, ಅಡುಗೆಮನೆಗೆ ಹೋದರು. ಬರುವಾಗ ಕೈಯಲ್ಲಿ ಎರಡು ಲೋಟ ಕಾಫಿ ಇತ್ತು. ನನಗೊಂದು ಕೊಟ್ಟು, ಇನ್ನೊಂದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಕೂತರು.

ರೆಕಾರ್ಡ್ ಈಗ ನನ್ನ ಬಳಿ ಇದೆ. ಆ ಬೆಳಿಗ್ಗೆಯನ್ನು ನೆನೆದುಕೊಂಡರೆ ಮಾವ ಗೋಡೆಯ ಕಡೆ ತಿರುಗುವುದಿಲ್ಲ, ನನ್ನ ಕಡೆಗೇ ತಿರುಗುತ್ತಾರೆ. ಎರಡು ಸಲ ಕೇಳುತ್ತಾರೆ.