ಮೂರನೆಯ ಮಾತು

ಕಟಿಂಗಣ್ಣ "ತಲೆ ತಿರುಗ್ತಿದೆ" ಎಂದ. ಮೇಸ್ತ್ರಿ "ಹೌದು, ನಿಂಗೆ ತಲೆ ತಿರುಗಿದೆ" ಎಂದ. ಎಲ್ಲ ರಾದ್ಧಾಂತಕ್ಕೂ ಇಷ್ಟೇ ಮೂಲ.

ಬೈಂಡಿಂಗ್ ಮನೆಯಲ್ಲಿ ಪುಸ್ತಕದ ಅಂಚು ಕತ್ತರಿಸುವ ಯಂತ್ರದಿಂದ ಎಬ್ಬಿಸಿ ಅವನ ಕೈಗೆ ಪೊರಕೆ ಕೊಟ್ಟರು. ನ್ಯಾಯ ಕೇಳಹೋದಾಗಲೆಲ್ಲ ಮೊದಲ ಮಾತಿಗೆ ಕೋಪ, ಎರಡನೆಯದಕ್ಕೆ ಕಣ್ಣು ಕತ್ತಲೆ, ಮೂರನೆಯದು ಬಾಯಿಂದ ಹೊರಡುವ ಮೊದಲೇ ಕಡಿದ ಬಾಳೆಯಂತೆ ನೆಲಕ್ಕೆ.

"ಅಯ್ಯೋ, ಜ್ಞಾನ ತಪ್ಪಿತು!" ಎಂದು ಯಾರಾದರೂ ಕೂಗಿದರೆ ಮೇಸ್ತ್ರಿ, "ಇದ್ರೆ ತಾನೆ ತಪ್ಪೋಕೆ? ಬರೀ ನಾಟಕ," ಎನ್ನುತ್ತಿದ್ದ. ಸರಿಯಾಗಿ ಆ ಹೊತ್ತಿಗೇ ಹಾಳು ಎಚ್ಚರ ಬಂದುಬಿಡುತ್ತಿತ್ತು.

ಕೊನೆಗೆ ಡಾಕ್ಟರು, "ನಿಮ್ಮ ಹೃದಯ ಆಗಾಗ ಬಡಿಯೋದನ್ನೇ ಮರೀತದೆ," ಎಂದು ಎದೆಯ ಚರ್ಮದಡಿ ಪೇಸ್‌ಮೇಕರ್ ಇಟ್ಟರು. ಗಾಯ ಮಾಗಿದ ಮೇಲೆ ಕತ್ತರಿಸುವ ಯಂತ್ರ ನಡೆಸಲು ಅವರ ಒಪ್ಪಿಗೆಯೂ ಸಿಕ್ಕಿತು.

ಈ ಬೆಳಿಗ್ಗೆ ಹೊರಟವನಿಗೆ ಹೆಂಡತಿ, "ರೀ, ನಿಧಾನವಾಗಿ ಮಾತಾಡಿ," ಎಂದಳು.

"ನಿಧಾನ ಆಗಿದ್ದಕ್ಕೇ ಕಣೇ ಇಷ್ಟು ದಿನ ಬಿದ್ದಿದ್ದು!"

ಬೈಂಡಿಂಗ್ ಮನೆಯಲ್ಲಿ ಹೊಲಿಗೆಯ ಅಕ್ಕ ಫೋನು ಬಚ್ಚಿಟ್ಟಳು. "ಅಣ್ಣಾ, ದೂರ ನಿಂತ್ಕೋ. ನಿನ್ನ ಕರೆಂಟು ಇದಕ್ಕೆ ಹೊಡೆದೀತು!" ಅಂಟು ಬಳಿಯುವವನು ಎದೆಗೆ ಕಿವಿಯಿಟ್ಟು, "ಟಿಕ್ ಟಿಕ್ ಅನ್ನೋದೇ ಇಲ್ವಲ್ಲೋ! ಮೋಸ ಹೋಗಿದೀಯ," ಎಂದ. ಕೋಪ ಹಾಲಿನಂತೆ ಉಕ್ಕತೊಡಗಿತು. ಉಕ್ಕಲಿ, ಅದಕ್ಕೇ ತಾನೆ ಬಂದದ್ದು!

"ಬಂದ್ಯಾ ನಟಸಾರ್ವಭೌಮ? ಪೊರಕೆ ಮೂಲೇಲಿದೆ," ಎಂದ ಮೇಸ್ತ್ರಿ.

"ನನ್ನ ಮೆಷಿನ್ ನನಗೆ ಬೇಕು!" ಒಂದು.

"ಕಾಯಿಲೆಗೂ ಸೊಕ್ಕಿಗೂ ವ್ಯತ್ಯಾಸ ತಿಳೀದ ಕೋಣ ನೀನು!" ಎರಡು.

ಎಲ್ಲರೂ ನೆಲ ನೋಡಿದರು. ಅಂಟಿನವನು ಕಾಗದದ ಕಟ್ಟು ಸರಿಸಿ ಬೀಳಲು ಜಾಗವನ್ನೂ ಮಾಡಿಕೊಟ್ಟ. ಕಟಿಂಗಣ್ಣ ಬೀಳಲಿಲ್ಲ.

"ನಿನ್ನ ಬಾಮೈದನ್ನ ಕೂರಿಸೋಕೆ ತಾನೆ ನನ್ನ ಎಬ್ಬಿಸಿದ್ದು? ಅವನು ಕತ್ತರಿಸಿದ ಪುಸ್ತಕ ಮೇಜಿನ ಮೇಲೆ ನೆಟ್ಟಗೆ ನಿಲ್ಲೋದೂ ಇಲ್ವಲ್ಲೋ, ಮಾನಗೆಟ್ಟವನೇ!"

ಮೂರನೆಯ ಮಾತನ್ನು ಆ ಮನೆ ಮೊದಲ ಬಾರಿ ಕೇಳಿತು. ಒಳಕೋಣೆಯಿಂದ ಮಾಲೀಕರು ಎದ್ದು ಬಂದರು. ಅವರನ್ನು ಕಂಡದ್ದೇ ತಡ, ಮೇಸ್ತ್ರಿ ಎದೆ ಹಿಡಿದುಕೊಂಡು ಮೆಲ್ಲಗೆ, ಜಾಗ ನೋಡಿಕೊಂಡು, ಬಿದ್ದ.

"ಅಯ್ಯೋ, ಜ್ಞಾನ ತಪ್ಪಿತು!" ಒಬ್ಬರು ನೀರು ಚಿಮುಕಿಸಿದರು, ಒಬ್ಬರು ರಟ್ಟಿನಿಂದ ಗಾಳಿ ಬೀಸಿದರು.

"ಸಾರ್, ಇದು ನಾಟಕ!" ಕಟಿಂಗಣ್ಣ ಅರಚಿದ.

"ಥೂ! ಬಿದ್ದವರನ್ನ ನಾಟಕ ಅಂತೀಯಲ್ಲ, ಕರುಳಿದೆಯೇನೋ ನಿನಗೆ?" ಎಂದರು ಮಾಲೀಕರು. "ಇಷ್ಟು ಸಿಟ್ಟಿನವನ ಕೈಗೆ ಬ್ಲೇಡಿನ ಮೆಷಿನ್ ಕೊಡೋದಾ?"

"ಆಗ ನಾನು ಬೀಳ್ತೀನಿ ಅಂತ ಕೊಡ್ಲಿಲ್ಲ..."

"ಈಗ ಬೇರೆಯವರನ್ನ ಬೀಳಿಸ್ತೀಯ ಅಂತ ಕೊಡಲ್ಲ. ಹೋಗು, ಕಸ ಗುಡಿಸು."

ನೆಲದ ಮೇಲಿಂದ ಮೇಸ್ತ್ರಿ ಒಂದು ಕಣ್ಣು ತೆರೆದು ಮತ್ತೆ ಮುಚ್ಚಿದ. ಕಟಿಂಗಣ್ಣನಿಗೆ ಮೈಯೆಲ್ಲ ಉರಿಯಿತು. ಇಂಥ ಹೊತ್ತಿನಲ್ಲಿ ಜ್ಞಾನ ತಪ್ಪುವುದೊಂದೇ ಮರ್ಯಾದೆಯ ದಾರಿ ಎನಿಸಿ ಕಣ್ಣು ಮುಚ್ಚಿ ಕಾದ. ಏನೂ ಆಗಲಿಲ್ಲ. ಎದೆಯೊಳಗಿನ ಯಂತ್ರ ಚೊಕ್ಕವಾಗಿ ಕೆಲಸ ಮಾಡುತ್ತಿತ್ತು.