ತಿಳವಳ್ಳಿಯನ್ನು ನುಂಗಿದ ಗ್ರೀನ್‌ಲ್ಯಾಂಡ್

ಹಾನಗಲ್ಲಿನಲ್ಲಿ ಅಂಗಡಿ ಬೋರ್ಡು ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದು ನನ್ನದೇ ಅಭಿಪ್ರಾಯ. ಹಾಗಾಗಿ ತಿಳವಳ್ಳಿಯ ಶಾಲೆಯೊಂದರ ಗೋಡೆಯ ಮೇಲೆ ಪ್ರಪಂಚದ ನಕಾಶೆ ಬರೆಯುವ ಕೆಲಸ ಬಂದಾಗ ಎರಡನೇ ಮಾತೇ ಆಡಲಿಲ್ಲ. ನನ್ನ ಹೆಂಡತಿ ಗಿರಿಜಾಳ ತವರೂರು ಬೇರೆ!

"ನಕಾಶೆದಾಗ ನಿಮ್ಮೂರಿಗೆ ಒಂದು ಕೆಂಪು ಚುಕ್ಕಿ ಇಡ್ತೇನಿ," ಎಂದು ಅವಳಿಗೆ ಮಾತು ಕೊಟ್ಟೆ. ಸಂಜೆಯೊಳಗೆ ಫೋನಿನಲ್ಲಿ ತವರಿನವರಿಗೆಲ್ಲ ಸುದ್ದಿ ಮುಟ್ಟಿತು. ನಕಾಶೆಯ ಉದ್ಘಾಟನೆಗೆ ಅವಳ ಅವ್ವ ಓಣಿಯ ಹೆಂಗಸರನ್ನೆಲ್ಲ ಕರೆತರುವುದೆಂದೂ ನಿಶ್ಚಯವಾಯಿತು.

"ಮೊದಲ ಗೋಡಿ ತುಂಬ ಗೆರಿ ಎಳದು ಚೌಕ ಹಾಕ್ಕೋರಿ. ಯಾವುದು ಎಲ್ಲಿ ಬರ್ತೈತಿ ನೋಡ್ಕೋರಿ," ಎಂದಳು ಗಿರಿಜಾ.

"ಇಪ್ಪತ್ತು ವರ್ಷ ಬ್ರಷ್ ಹಿಡದ ಕೈಗೆ ಚೌಕ ಯಾಕ ಬೇಕು? ಸುಮ್ಮ ಕುಂದರು!"

ನಮ್ಮ ಕಸುಬಿನಲ್ಲಿ ಗೋಡೆಯನ್ನು ಮೇಲಿನಿಂದ ಕೆಳಗೆ ಬರೆಯುವುದು ಪದ್ಧತಿ. ಇಲ್ಲವಾದರೆ ಮೇಲಿನ ಬಣ್ಣ ಸೋರಿ ಕೆಳಗಿನದು ಕೆಡುತ್ತದೆ. ಪ್ರಪಂಚದ ಮೇಲ್ತುದಿಯಲ್ಲಿರುವುದು ಆರ್ಕ್ಟಿಕ್ ದ್ವೀಪಗಳು. ಅಲ್ಲಿಂದಲೇ ಶುರು ಮಾಡಿದೆ.

ಬೇಸಿಗೆಯ ಬಿಸಿಲು ಬೆನ್ನು ಸುಡುತ್ತಿತ್ತು. ಗ್ರೀನ್‌ಲ್ಯಾಂಡಿಗೆ ಬಿಳಿ ಬಳಿಯುತ್ತ ಹೋದಂತೆ ಮೈಗೆಲ್ಲ ತಂಪು ಹತ್ತಿತು. ಸುತ್ತ ನೀಲಿ ಕಡಲು, ತೇಲುವ ಹಿಮ, ಸದ್ದಿಲ್ಲದ ದಂಡೆ. ಏಣಿಯ ಮೇಲಿದ್ದೇನೆಂಬುದೇ ಮರೆತುಹೋಯಿತು. ಮರುದಿನ ಬ್ಯಾಫಿನ್ ದ್ವೀಪದ ಕೊಲ್ಲಿಗಳಲ್ಲಿ ದೋಣಿ ಹೋದ ಹಾಗೆ ಬ್ರಷ್ ಹೋಯಿತು. ರಷ್ಯಾದ ನೊವಾಯಾ ಜೆಮ್ಲ್ಯಾಕ್ಕೆ ಒಂದೊಂದು ಬೆಟ್ಟವನ್ನೂ ಕೂರಿಸಿದೆ. ಕೆನಡಾದ ವಿಕ್ಟೋರಿಯಾ ದ್ವೀಪದಲ್ಲಂತೂ ಒಂದು ಕೆರೆ, ಕೆರೆಯಲ್ಲಿ ದ್ವೀಪ, ಆ ದ್ವೀಪದಲ್ಲಿ ಕೆರೆ, ಅದರಲ್ಲಿ ಮತ್ತೊಂದು ಪುಟ್ಟ ದ್ವೀಪ! ಮೊಬೈಲಿನಲ್ಲಿ ನೋಡಿ ಅಷ್ಟನ್ನೂ ಬರೆದೆ. ಆ ಕೊನೆಯ ದ್ವೀಪದಲ್ಲಿ ಒಬ್ಬನೇ ಕುಳಿತು ಚಹಾ ಕುಡಿಯುತ್ತಿದ್ದೇನೆ ಅನಿಸಿ ಮಧ್ಯಾಹ್ನವೆಲ್ಲ ಕಳೆಯಿತು. ಅಷ್ಟು ಸುಖ ನನಗೆ ಯಾವ ಬೋರ್ಡೂ ಕೊಟ್ಟಿರಲಿಲ್ಲ.

ಉದ್ಘಾಟನೆಯ ಹಿಂದಿನ ದಿನ ಹಿಮಾಲಯಕ್ಕೆ ಬಂದು ತಲುಪಿದೆ. ಬ್ರಷ್ ನೆಲಕ್ಕೆ ತಾಗಿತು. ಗೋಡೆ ಮುಗಿದಿತ್ತು!

ಶಾಲೆಯ ಹೆಡ್ ಅಕ್ಕೋರು ಬಂದು ನೋಡಿ ಹಣೆ ಹಿಡಿದುಕೊಂಡರು. "ಗ್ರೀನ್‌ಲ್ಯಾಂಡ್ ನಮ್ಮ ದೇಶಕ್ಕಿಂತ ಸಣ್ಣದೈತ್ರಿ. ಇಲ್ಲಿ ಅರ್ಧ ಗೋಡಿ ತಿಂದೈತಲ್ರಿ! ನಮ್ಮ ದೇಶ ಎಲ್ರಿ?"

ನಾನಿನ್ನೂ ಕೆಂಪು ಬಣ್ಣದ ಡಬ್ಬಿಯ ಮುಚ್ಚಳವನ್ನೇ ತೆಗೆದಿರಲಿಲ್ಲ.

ಮರುದಿನ ಅತ್ತೆ ಪರಿವಾರ ಸಮೇತ ಬಂದು ಗೋಡೆಯ ಬುಡದಲ್ಲಿ ನಿಂತರು. "ಅಳಿಯಾರ, ನಮ್ಮೂರ ಎಲ್ಲೈತ್ರಿ?"

ನೆಲದತ್ತ ಕೈ ತೋರಿಸಿದೆ. "ನೀವು ನಿಂತಲ್ಲೇ ಐತ್ರಿ ಅತ್ತಿ."

ಅವರು ಕಾಲ ಕೆಳಗೆ ನೋಡಿದರು. "ಖರೇ ಐತಿ ನೋಡ್ರವಾ! ನಾವು ತಿಳವಳ್ಳ್ಯಾಗ ನಿಂತೇವಿ!"

ಹೆಂಗಸರೆಲ್ಲ ತಲೆದೂಗಿದರು. ಬಚಾವಾದೆನೆಂದು ಗಿರಿಜಾಳ ಕಡೆ ನೋಡಿದೆ. ಅವಳ ಕಣ್ಣು ತುಂಬಿತ್ತು. "ಒಂದ ಚುಕ್ಕಿ ಅಂದಿದ್ರಿ," ಎಂದಳು ಮೆಲ್ಲಗೆ. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಮರುವಾರ ಗೋಡೆಗೆಲ್ಲ ಮತ್ತೆ ಬಣ್ಣ ಬಳಿದು, ಚೌಕ ಹಾಕಿ, ಪದ್ಧತಿ ಮುರಿದು ಕೆಂಪು ಚುಕ್ಕಿಯಿಂದಲೇ ಶುರು ಮಾಡಿದೆ. ಕೆಳಗಿನಿಂದ ಮೇಲೆ ಹೋದೆ. ಗ್ರೀನ್‌ಲ್ಯಾಂಡಿಗೆ ಅಂಗೈಯಗಲ ಜಾಗ ಕೊಟ್ಟೆ. ಕೊನೆಗೆ ನೊವಾಯಾ ಜೆಮ್ಲ್ಯಾಕ್ಕೆ ಬಿಳಿ ಬಳಿಯುತ್ತಿದ್ದಾಗ ಕಣ್ಣ ಮುಂದೆ ಮತ್ತೆ ಆ ದಂಡೆ, ಆ ತಂಪು. ಬ್ರಷ್ಷಿನಿಂದ ಒಂದು ದಪ್ಪ ಹನಿ ಜಾರಿತು. ಇಡೀ ರಷ್ಯಾ ದಾಟಿ, ಹಿಮಾಲಯ ಇಳಿದು, ನೇರವಾಗಿ ಕೆಂಪು ಚುಕ್ಕಿಯ ಮೇಲೆ ಬಂದು ನಿಂತಿತು.

ಈ ಸಲ ಜೊತೆಗೇ ಬಂದಿದ್ದ ಗಿರಿಜಾ ಬಗ್ಗಿ ನೋಡಿ, ಸೆರಗು ಬಾಯಿಗಿಟ್ಟು ನಕ್ಕೇ ನಕ್ಕಳು. "ಅವ್ವಗ ಫೋನ್ ಮಾಡ್ತೇನ್ರಿ. ನಮ್ಮೂರಾಗ ಹಿಮ ಬಿದ್ದೈತಿ!"

ಚುಕ್ಕಿಯನ್ನು ಅವಳೇ ಮತ್ತೆ ಇಟ್ಟಳು. ಈಗ ಹಾನಗಲ್ಲಿನಲ್ಲಿ ಪಂಕ್ಚರ್ ಅಂಗಡಿಯ ಬೋರ್ಡು ಬರೆಯುವುದಿದ್ದರೂ ಮೊದಲು ಅವಳು ಚೌಕ ಹಾಕಿಕೊಡುತ್ತಾಳೆ.