ಪರದಿ ಮ್ಯಾಲೆ ಉಸಿರಾಟ

ಉಸಿರಾಡೋದು ಎಲ್ಲರಿಗೂ ಬರ್ತೈತಿ. ಯಾರೋ ನೋಡಾಕತ್ತಾರ ಅಂದಕೂಡ್ಲೆ ಮರತು ಹೋಗತೈತಿ. ಇದನ್ನ ನಾನು ದಿನಾ ಕಂಡಾಕಿ. ಕೂಡ್ಲಿಗಿಗೆ ಎಸ್‌ಟಿಡಿ ಬೂತು ಬಂದ ಹೊಸದರಾಗ, ಕರಾವಳಿ ಕಡೆಯಿಂದ ಬಂದಿದ್ದ ಎದಿ ಡಾಕ್ಟರ ಹತ್ರ ಆಯಾ ಆಗಿದ್ದೆ. ಅವರ ಎಕ್ಸರೇ ಯಂತ್ರ ಬರೇ ಫೋಟೋ ತೆಗಿಯೋದಲ್ಲ. ಪುಪ್ಪಸ ಉಬ್ಬೋದು, ಇಳಿಯೋದು ಸಿನಿಮಾದಂಗ ಪರದಿ ಮ್ಯಾಲೆ ತೋರಸ್ತಿತ್ತು. ಶೇಂಗಾ ಮಿಲ್ಲಿನ ಧೂಳು ಉಸಿರಿಗೆ ಏನು ಮಾಡತೈತಿ ಅನ್ನೋದು ಅವರ ಸಂಶೋಧನೆ. ಗಡುವಿನೊಳಗ ಹತ್ತು ಮಂದೀದು ಸರಿಯಾಗಿ ಬರದಿದ್ರ, ಕಡಾ ತಂದಿದ್ದ ಯಂತ್ರ ವಾಪಸ್. ಅದರ ಹಿಂದ ನನ್ನ ಕೆಲಸಾನೂ.

೧. ಅಲ್ಲಾಡದಾಕಿ

ಶೇಂಗಾ ಹಸನು ಮಾಡೋ ಒಬ್ಬಾಕಿ ಯಂತ್ರದ ಮುಂದ ಕಂಬದಂಗ ನಿಂತಳು. ಪರದಿ ಮ್ಯಾಲೆ ಏನೂ ಮಿಸುಕವಲ್ದು. ಉಸಿರಾಡವ್ವ ಅಂತ ಡಾಕ್ಟರು ಮೂರು ಸಲ ಹೇಳಿದರು. ಫೋಟೋ ಹಿಡಿಯುವಾಗ ಅಲ್ಲಾಡಬಾರದು ಅನ್ನೋದು ತನಗೂ ಗೊತ್ತೈತಿ ಅಂತ ಆಕಿ ಕಣ್ಣಾಗೇ ಹೇಳಿದಳು. ನಾನು ಬಾಗಿಲಿನಿಂದ, "ಸೊಸಿ ಹೆಂಗದಾಳ?" ಅಂದೆ. ಪುಪ್ಪಸ ಕಮ್ಮಾರನ ತಿದಿಯಂಗ ಆಡಿತು. ಡಾಕ್ಟರು ಸಾಕು ಅಂದರು.

"ನಿಮಗ ಸಾಕಾತು," ಅಂದಳು. "ನಂದು ಈಗ ಸುರು ಆಗೇತಿ."

೨. ತಲಿ ಮ್ಯಾಲಿನ ಕರಡಿಗಿ

ಮಿಲ್ಲಿನಾಗ ತೂಕಕ್ಕ ನಿಲ್ಲೋ ಕೊಟ್ಟೂರಿನ ಅಜ್ಜನ ಎದಿಯಾಗ ದುಂಡನೆಯ ಕರೀ ಗಂಟು ಕಂಡಿತು. ಉಸಿರಿನ ಜೊತಿಗೆ ಏರತಿತ್ತು, ಇಳೀತಿತ್ತು. ಡಾಕ್ಟರ ಮುಖ ಬಾಡಿತು. ನೋಡಿದ್ರ, ಬನಿಯನ್ ಒಳಗಿದ್ದ ಲಿಂಗದ ಬೆಳ್ಳಿ ಕರಡಿಗಿ. ಮೈ ಮ್ಯಾಲಿಂದ ತೆಗಿಯಂಗಿಲ್ಲ ಅಂದ ಅಜ್ಜ, ಬೆನ್ನಿಗೆ ಸರಿಸಿಕೊಂಡ. ಎಕ್ಸರೇಗೆ ಎದಿಯೇನು, ಬೆನ್ನೇನು? ಗಂಟು ಅಲ್ಲೇ ಇತ್ತು. ಕಡಿಗೆ ತಲಿ ಮ್ಯಾಲಿಟ್ಟು ರುಮಾಲು ಸುತ್ತಿದೆವು. ಎದಿ ಸ್ವಚ್ಛ ಕಂಡಿತು.

ಅಜ್ಜ ಯಂತ್ರದ ಮುಂದಿಂದ ಸರೀಲಿಲ್ಲ. "ತಲೀದೂ ಒಂದು ತೆಗೀರಿ. ದೇವರನ್ನ ಇಷ್ಟು ತಿರುಗಾಡಿಸೀವಿ, ಅವಂದೂ ಒಂದು ಬರ್ಲಿ."

೩. ಹತ್ತನೇದು

ಒಂಬತ್ತಾದವು. ಹೋಲಿಸಿ ನೋಡಾಕ ಧೂಳು ಕುಡಿಯದ ಎದಿ ಒಂದು ಬೇಕಿತ್ತು. ಬರಬೇಕಾದಾಕಿಗೆ ಹಡಗಲಿ ಬಸ್ಸು ತಪ್ಪಿತ್ತು. ಯಂತ್ರ ಒಯ್ಯೋ ಗಾಡಿ ಬಾಗಿಲಿಗೇ ಬಂದು ನಿಂತಿತ್ತು. ಡಾಕ್ಟರು ನನ್ನನ್ನೇ ನಿಲ್ಲಿಸಿದರು.

ಒಂಬತ್ತು ಮಂದೀನ ಉಸಿರಾಡಸಿದಾಕಿ ನಾನು. ಪರದಿ ಮ್ಯಾಲೆ ನನ್ನ ಪುಪ್ಪಸ ಕಂಡದ್ದೇ ತಡ, ಉಸಿರು ಅಲ್ಲೇ ಸಿಕ್ಕೊಂತು. ಏನರ ಮಾತಾಡು ಅಂದರು. ಹುಟ್ಟಿದಾಗಿಂದ ಬಾಯಿ ಮುಚ್ಚದಾಕಿಗೆ ಒಂದು ಮಾತೂ ಹೊಳೀಲಿಲ್ಲ.

ಔಷಧಕ್ಕ ಬಂದು ಬೆಂಚಿನ ಮ್ಯಾಲೆ ಕುಂತಿದ್ದಳು ಆ ಅಲ್ಲಾಡದಾಕಿ. ಸಾವಕಾಶ ಅಂದಳು: "ಅಕ್ಕಾ, ನಿನ್ನ ರೊಟ್ಟಿಗಿಂತ ನಿನ್ನ ಸೊಸಿ ರೊಟ್ಟೀನೇ ತೆಳ್ಳಗ ಅಂತ ಓಣಿ ಮಂದಿ ಅಂತಾರ."

ಹತ್ತನೇದು ಬಂತು. ಗಾಡಿ ಖಾಲಿ ಹೋತು, ಯಂತ್ರ ಉಳೀತು, ನಾನೂ ಉಳದೆ. ಡಾಕ್ಟರು ವಹಿಯಾಗ ಏನೋ ಬರದರು. ನನಗ ಓದಾಕ ಬರಂಗಿಲ್ಲ, ಏನದು ಅಂದೆ. ಅವರೇ ಓದಿದರು: "ಧೂಳು ಇಲ್ಲ. ಬೀಡಿ ಇಲ್ಲ. ಆದರೂ ಉಸಿರಿನ ವೇಗ ವಿಪರೀತ. ಕಾರಣ: ಸೊಸೆ."